ವೀಸಾ ಇಲ್ಲದ ಬಳ್ಳಾರಿ ಜಾಲಿ

ಮನೆ ಬಿಟ್ಟು ಹೊರಬಿದ್ದ ಕೆಲವರಿಗೆ ದುಡ್ಡು ಎದುರಾಗುತ್ತದೆ, ಕೆಲವರಿಗೆ ಹೆಣ್ಣು ಎದುರಾಗುತ್ತದೆ. ನನಗೆ ಮಾತ್ರ ಎಲ್ಲಿ ಹೋದರೂ ಎದೆ ಧಸಕ್ಕೆನ್ನುವಂಥದ್ದೇ ಎದುರಾಗುತ್ತದೆ. ಒಂದು ಮುಗಿಯಿತು, ಇನ್ನು ಆರಾಮ ಎಂದು ಬೀಡಿ ಹಚ್ಚುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಮಾಸ್ತರು ಹೊಡೆದರು ಅಂತಲ್ಲ, ಶಾಲೆಯ ಮುಂದೆ ಒಂದು ಲಾರಿ ನಿಂತಿತ್ತು ಅಂತ. ಆ ಲಾರಿ ಹತ್ತಿದವನು ಹುಬ್ಬಳ್ಳಿ, ಗೋವಾ, ಮುಂಬೈ ಎಂದು ಉರುಳುತ್ತ ಉರುಳುತ್ತ ಕೊನೆಗೆ ಮಸ್ಕತ್ತಿಗೆ ಬಂದು ಬಿದ್ದೆ. ಈಗ ವಾದಿ ಕಬೀರ್‌ನಲ್ಲಿ ಒಂದು ರೂಮು, ಗಿಡಮರ ನೋಡಿಕೊಳ್ಳುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸಗಾರರ ಮೇಲ್ವಿಚಾರಣೆ. ಇಲ್ಲಿ ಹೇಳುತ್ತಿರುವುದೆಲ್ಲ ಒಂದೇ ಜಾಗದಲ್ಲಿ, ಒಂದೇ ಗಿಡದಿಂದ ನನ್ನ ಮೇಲೆ ಬಂದದ್ದು.

ಮೊದಲ ಭೇಟಿ

ಅಲ್ ಮಬೇಲಾದ ಅಂಚಿನಲ್ಲಿ, ವಾದಿಯ ಪಕ್ಕದಲ್ಲಿ ಒಬ್ಬ ಒಮಾನಿ ಯಜಮಾನರದು ದೊಡ್ಡ ಜಾಗ. ವಾದಿ ಎಂದರೆ ಮಳೆ ಬಂದಾಗ ಹೊಳೆ, ಉಳಿದಂತೆ ಬರೀ ಕಲ್ಲು. ಆ ಜಾಗದಲ್ಲಿ ಯಜಮಾನರಿಗೆ ಖರ್ಜೂರ, ನಿಂಬೆ ಹಾಕುವ ಆಸೆ. ಆದರೆ ಯಾವುದೋ ಮುಳ್ಳುಗಿಡ ಬೆಳೆದು ಬಾವಿಯ ನೀರನ್ನೆಲ್ಲ ಕುಡಿಯುತ್ತಿದೆ, ಅದನ್ನು ಬೇರುಸಹಿತ ಕಿತ್ತುಕೊಡಬೇಕು ಎಂದು ನಮ್ಮ ಕಂಪನಿಗೆ ಹೇಳಿದ್ದರು.

ನಮ್ಮ ಮುದೀರ್, ಅಂದರೆ ಮ್ಯಾನೇಜರು, ಒಮಾನಿಯೇ. ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ. ನನ್ನನ್ನು ಕರೆದು ಹೇಳಿದರು: "ನಿನ್ನ ವೀಸಾ ಮುಗಿಯೋಕೆ ಎರಡು ತಿಂಗಳಿದೆ. ಅಷ್ಟರಲ್ಲಿ ಯಜಮಾನರು ಬಂದು ನೋಡಿ ಶಾಬಾಸ್ ಅಂದರೆ ರಿನ್ಯೂ. ಆ ಗಿಡ ಒಂದು ಉಳಿದಿದ್ದರೂ ನೀನು ಖಲಾಸ್. ಟಿಕೆಟ್ ನಾನೇ ತೆಗೆಸಿಕೊಡ್ತೇನೆ."

ಊರೂರು ತಿರುಗಿದ ನನಗೆ ಎಲ್ಲಾದರೂ ಇದ್ದುಬಿಡೋಣ ಅನಿಸಿದ್ದು ಇದೊಂದೇ ಊರಲ್ಲಿ. ಯಾಕೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಬೆಳಗಿನ ಚಹಾ, ಪರೋಟಾ, ಆ ಬೋಳು ಗುಡ್ಡಗಳು, ಏನೋ ಒಂದು ಒಗ್ಗಿಬಿಟ್ಟಿತ್ತು. ಹಾಗಾಗಿ ಕೊಡಲಿ ಹಿಡಿದು ಸಿಂಹದ ಹಾಗೆ ಹೋದೆ.

ಹೋಗಿ ನೋಡಿದವನು ಕೊಡಲಿ ಕೆಳಗಿಟ್ಟೆ. ಬಳ್ಳಾರಿ ಜಾಲಿ! ನಮ್ಮ ಕೊಪ್ಪಳ ಸೀಮೆಯ ಹೊಲದ ಬದುವಿನಲ್ಲಿ, ಕೆರೆಯಂಗಳದಲ್ಲಿ, ಸರಕಾರಿ ದವಾಖಾನೆಯ ಹಿಂದೆ, ಎಲ್ಲಿ ಬೇಕಾದರಲ್ಲಿ ಎದ್ದುನಿಲ್ಲುವ ಅದೇ ಜಾಲಿ. ಹುಡುಗನಾಗಿದ್ದಾಗ ಅವ್ವನ ಒಲೆಗೆ ಇದನ್ನು ಕಡಿದೂ ಕಡಿದೂ ಬೇಸತ್ತೇ ನಾನು ಆ ಲಾರಿ ಹತ್ತಿದ್ದು. ಸಮುದ್ರ ದಾಟಿ ಬಂದರೆ ಇದು ನನಗಿಂತ ಮುಂಚೆ ಬಂದು ಕಾಲು ಚಾಚಿ ಕೂತಿದೆ.

ನನ್ನ ಜೊತೆಗೆ ಬಂದಿದ್ದವರು ಕಂಪನಿಯ ಸ್ಟೋರ್‌ಕೀಪರ್, ಉಡುಪಿ ಕಡೆಯವರು, ವಯಸ್ಸಿನಲ್ಲಿ ಹಿರಿಯರು, ನಾನು ಅಣ್ಣ ಎನ್ನುವುದು. ನನ್ನ ಮುಖ ನೋಡಿ ಗಾಬರಿಯಾದರು.

"ಎಂತ ಆಯ್ತು ಮಾರಾಯ? ಹಾವು ಉಂಟಾ?"

"ಹಾವಲ್ಲಣ್ಣ, ನಮ್ಮೂರ ಗಿಡ."

"ನಿಮ್ಮೂರಿಂದು ಇಲ್ಲಿಗೆ ಬಂತಾ? ಇದಕ್ಕೆ ವೀಸಾ ಯಾರು ಕೊಟ್ಟದ್ದು?"

ಜಾಗ ತೋರಿಸಲು ಬಂದು ದೂರದಲ್ಲಿ ನಿಂತಿದ್ದ ಮುದೀರ್ ಅದನ್ನು ಕೇಳಿಸಿಕೊಂಡು ಏನಂದಿರಿ ಎಂದರು. ಹಿಂದಿಯಲ್ಲಿ ಹೇಳಿದೆ. ಅವರು ನಿಟ್ಟುಸಿರು ಬಿಟ್ಟರು.

"ವೀಸಾ ಇದ್ದಿದ್ದರೆ ನಾನೇ ಕ್ಯಾನ್ಸಲ್ ಮಾಡಿಸ್ತಿದ್ದೆ. ಇಲ್ಲ, ಅದಕ್ಕೇ ಹೋಗುತ್ತಿಲ್ಲ."

ಪುಕ್ಕಟೆ ಸೇವೆ

ಜಾಲಿಯಲ್ಲಿ ಹಳದಿ ಕಾಯಿ ಗೊಂಚಲುಗೊಂಚಲಾಗಿ ಬಿಟ್ಟಿತ್ತು. ಗಿಡ ಕಡಿದ ಮೇಲೆ ಆ ಕಾಯಿ ನೆಲದ ತುಂಬ. ಗುಡಿಸಿದಷ್ಟೂ ಮುಗಿಯದು. ಪಕ್ಕದಲ್ಲಿ ಒಬ್ಬ ಒಮಾನಿ ಅಜ್ಜಿಯ ಆಡಿನ ದೊಡ್ಡಿ ಇತ್ತು. ಒಂದು ದಿನ ಅವಳ ಆಡುಗಳು ಬೇಲಿ ಸಂದಿಯಲ್ಲಿ ನುಗ್ಗಿ ಕಾಯಿಯನ್ನು ಕುರುಕಲು ತಿಂಡಿ ತಿಂದ ಹಾಗೆ ಕಟುಕಟು ತಿನ್ನತೊಡಗಿದವು. ಅರ್ಧ ಗಂಟೆಯಲ್ಲಿ ನೆಲ ಕನ್ನಡಿ!

ನನಗೆ ಆದ ಆನಂದ ಅಷ್ಟಿಷ್ಟಲ್ಲ. ಕೆಲಸಗಾರರಿಗೆ ಹೇಳಿದೆ: "ಪೊರಕೆ ಒಳಗಿಡಿ. ಬೇಲಿ ತೆಗೀರಿ." ದಿನಾ ಬೆಳಿಗ್ಗೆ ಆಡುಗಳಿಗೆ ನಾನೇ ಸ್ವಾಗತ. ಉಳಿದ ಕಾಯಿಯನ್ನು ಚೀಲದಲ್ಲಿ ತುಂಬಿ ಅಜ್ಜಿಯ ದೊಡ್ಡಿಗೂ ಕಳಿಸಿದೆ.

ಅಜ್ಜಿ ಕರುಣಾಳು. ಅಷ್ಟು ಮೇವು ಕೊಟ್ಟವನಿಗೆ ಏನಾದರೂ ಕೊಡದೆ ಇರುವುದು ಹೇಗೆ ಎಂದು ಹಿಕ್ಕೆಗೊಬ್ಬರವನ್ನು ಮೂಟೆ ಕಟ್ಟಿ ಗಾಡಿಯಲ್ಲಿ ಹೇರಿ ಕಳಿಸಿದಳು. ಯಜಮಾನರು ನಿಂಬೆ ಹಾಕುವವರಲ್ಲವೇ, ಈಗಲೇ ಗೊಬ್ಬರ ಹಾಕಿಟ್ಟರೆ ಖುಷಿಯಾದಾರು, ನನ್ನ ವೀಸಾಕ್ಕೂ ಒಂದು ಒತ್ತು ಸಿಕ್ಕೀತು ಎಂದು ಸ್ವಚ್ಛ ಮಾಡಿದ ನೆಲಕ್ಕೆಲ್ಲ ಸಾಲುಸಾಲಾಗಿ ಹರಡಿಸಿ ಪೈಪಿನಲ್ಲಿ ನೀರು ಹೊಡೆಸಿದೆ.

ಎಂಟು ಹತ್ತು ದಿನ ಬೇರೆ ಮೂಲೆಯಲ್ಲಿ ಕೆಲಸ ಮಾಡಿ ತಿರುಗಿ ಬಂದು ನೋಡುತ್ತೇನೆ, ನೆಲವೆಲ್ಲ ಹಸಿರು! ಸಾಲು ಹಿಡಿದ ಹಾಗೆ, ಹಗ್ಗ ಕಟ್ಟಿ ನೆಟ್ಟ ಹಾಗೆ, ಒಂದೊಂದು ಹಿಕ್ಕೆಗೂ ಒಂದೊಂದು ಜಾಲಿ ಸಸಿ. ಆಡು ಅರಗಿಸಿಕೊಳ್ಳುವುದು ಕಾಯಿಯ ಸಿಹಿಯನ್ನು ಮಾತ್ರ. ಬೀಜವನ್ನು ನೆನೆಸಿ, ಹದ ಮಾಡಿ, ಗೊಬ್ಬರದ ಉಂಡೆಯೊಳಗಿಟ್ಟು ಕೊಡುತ್ತದೆ. ನಾನು ನೀರು ಹಾಕಿದ್ದೆ. ತಲೆ ಮೇಲೆ ಕೈಹೊತ್ತು ಅಲ್ಲೇ ಕೂತುಬಿಟ್ಟೆ.

ಅಷ್ಟರಲ್ಲಿ ಮುದೀರ್ ಬಂದರು. ಸಾಲುಗಳ ನಡುವೆ ಆ ತುದಿಯವರೆಗೆ ನಡೆದುಹೋಗಿ ತಿರುಗಿ ಬಂದರು.

"ನಮ್ಮ ನರ್ಸರಿಯಲ್ಲಿ ಗುಲಾಬಿ ಸಸಿ ಎಲ್ಲ ಸಾಯ್ತಾ ಇದೆ," ಎಂದರು. "ನಾಳೆಯಿಂದ ಅದನ್ನೂ ಕೀಳೋಕೆ ನಿನಗೇ ಹೇಳಲೇನು? ಚೆನ್ನಾಗಿ ಬಂದೀತು."

ಸೀರೆ ಹೊರಟಿತು

ಸಸಿಗಳನ್ನು ಕೈಯಲ್ಲಿ ಒಂದೊಂದಾಗಿ ಕಿತ್ತೆವು. ಬೆರಳೆಲ್ಲ ಜರಡಿ. ಇನ್ನು ಉಳಿದದ್ದು ಕಡಿದ ಟೊಂಗೆಗಳ ರಾಶಿ. ಲಾರಿ ನಿಲ್ಲುವ ಜಾಗ ದೂರ, ಮುಳ್ಳನ್ನು ಹೊರುವವರಾರು? ಆಗ ನನ್ನ ತಲೆ ಓಡಿತು. ಟೊಂಗೆಗಳನ್ನು ಒಂದರೊಳಗೊಂದು ಸಿಕ್ಕಿಸಿ, ತುಳಿದು, ಆಳೆತ್ತರದ ಉಂಡೆ ಮಾಡಿಸಿದೆ. ಕೋಲಿನಿಂದ ತಳ್ಳಿದರೆ ಸಾಕು, ಉರುಳಿಕೊಂಡು ಹೋಗುತ್ತದೆ. ಕೆಲಸಗಾರರು ಚಪ್ಪಾಳೆ ತಟ್ಟಿದರು. ಮರುದಿನ ಲಾರಿ ಬರುವುದಿತ್ತು, ಉಂಡೆಗಳನ್ನು ಸಾಲಾಗಿ ನಿಲ್ಲಿಸಿ ಮನೆಗೆ ಹೋದೆವು.

ಬೆಳಿಗ್ಗೆ ಮರಳುಗಾಡಿನ ಕಡೆಯಿಂದ ಗಾಳಿ ಎದ್ದಿತು. ಗಾಳಿಗೆ ಕೋಲೂ ಬೇಕಾಗಿಲ್ಲ. ನಾವು ಬರುವಷ್ಟರಲ್ಲಿ ಒಂದು ಉಂಡೆಯೂ ಜಾಗದಲ್ಲಿಲ್ಲ. ಎಲ್ಲವೂ ಒಣ ಕಾಯಿಗಳನ್ನು ಗಲಗಲ ಅನ್ನಿಸಿಕೊಂಡು, ದಾರಿಯುದ್ದಕ್ಕೂ ಬೀಜ ಚೆಲ್ಲಿಕೊಂಡು, ಮಬೇಲಾದ ಮನೆಗಳ ಓಣಿಯೊಳಗೆ ಮೆರವಣಿಗೆ ಹೊರಟಿದ್ದವು. ನಾವು ಕೋಲು ಹಿಡಿದು ಹಿಂದೆ ಓಡಿದೆವು.

ಒಂದು ತಿರುವಿನಲ್ಲಿ ಅಚ್ಚ ಬಾಗಲಕೋಟೆಯ ಕನ್ನಡ ಕಿವಿಗೆ ಬಿತ್ತು.

"ಅಯ್ಯೋ ರೀ! ನನ್ನ ಇಳಕಲ್ ಸೀರಿ ಹೊಂಟೈತ್ರಿ! ಹಿಡೀರೀ!"

ನೋಡಿದರೆ ಒಂದು ಉಂಡೆ ಯಾರದೋ ಅಂಗಳದ ಬಟ್ಟೆ ಹಗ್ಗಕ್ಕೆ ಡಿಕ್ಕಿ ಹೊಡೆದು, ಕೆಂಪು ಸೆರಗಿನ ಸೀರೆಯನ್ನು ಮೈಗೆ ಸುತ್ತಿಕೊಂಡು, ನಡುರಸ್ತೆಯಲ್ಲಿ ಗಂಭೀರವಾಗಿ ಹೋಗುತ್ತಿದೆ. ಅದರ ಹಿಂದೆ ಒಬ್ಬ ಹೆಂಗಸು. ಅವರ ಹಿಂದೆ ಅವರ ಗಂಡ, ಆಫೀಸಿನ ಡ್ರೆಸ್ಸು, ಕೈಯಲ್ಲಿ ಟಿಫಿನ್ ಡಬ್ಬಿ. ಗೇಟಿನಲ್ಲಿ ನಿಂತ ಮಗಳು "ಮಮ್ಮೀ, ಟಂಬಲ್‌ವೀಡ್! ಲುಕ್!" ಎಂದು ಕುಣಿಯುತ್ತಿದ್ದಾಳೆ.

"ಅದ್ಯಾವ ವೀಡರ ಇರಲಿ, ನಮ್ಮವ್ವ ಉಡಿಸಿದ ಸೀರಿ!" ಎಂದು ತಾಯಿ ಓಡಿದರು.

"ವೈನೀ, ಮುಟ್ಟಬ್ಯಾಡ್ರಿ, ಮುಳ್ಳದಾವ!" ಎಂದು ನಾನು ಕೂಗಿದೆ. ನಡುರಸ್ತೆಯಲ್ಲಿ ತಮ್ಮೂರ ಮಾತು ಕೇಳಿ ಗಂಡಹೆಂಡತಿ ಇಬ್ಬರೂ ಸೀರೆ ಮರೆತು ನನ್ನ ಕಡೆ ತಿರುಗಿದರು. ಆ ಸಂದಿನಲ್ಲಿ ಉಂಡೆ ಇನ್ನೊಂದು ಉರುಳು ಉರುಳಿ ಟೈಲರ್ ಅಂಗಡಿಯ ಮೆಟ್ಟಿಲಿಗೆ ತಾಗಿ ನಿಂತಿತು.

ಟೈಲರ್ ಹೊರಗೆ ಬಂದ. ಬಾಗಿಲ ತುಂಬ ಸೀರೆ ಉಟ್ಟು ನಿಂತದ್ದನ್ನು ಮೇಲಿಂದ ಕೆಳಗೆ ನೋಡಿದ. ಕೊರಳಲ್ಲಿದ್ದ ಟೇಪನ್ನು ಕೈಗೆ ತೆಗೆದುಕೊಂಡು, ನಡುಗುವ ದನಿಯಲ್ಲಿ ನಮ್ಮನ್ನು ಕೇಳಿದ:

"ಇವರಿಗೆ... ಬ್ಲೌಸಾ?"

ಫೋಟೋ

ಅಂತೂ ಉಂಡೆಗಳನ್ನೆಲ್ಲ ಹಿಡಿದು ತಂದು ಲಾರಿಗೆ ಹಾಕಿ, ಓಣಿಯಲ್ಲಿ ಬಿದ್ದ ಕಾಯಿಯನ್ನೆಲ್ಲ ಹೆಕ್ಕಿ, ಜೆಸಿಬಿ ತರಿಸಿ ಬೇರು ಎಬ್ಬಿಸಿ, ಜಾಗವನ್ನು ಅಂಗೈ ಹಾಗೆ ಮಾಡಿದೆ. ಒಂದು ಮಧ್ಯಾಹ್ನ ಬಿಸಿಲು ಫಳಫಳ ಹೊಳೆಯುವಾಗ ಬೋಳು ನೆಲದ ಫೋಟೋ ಹೊಡೆದು ಮುದೀರ್‌ಗೆ ವಾಟ್ಸಾಪಿನಲ್ಲಿ ಕಳಿಸಿದೆ. ಕೆಳಗೆ 'ಖಲಾಸ್' ಎಂದು ಹಾಕಿದೆ. ಅವರು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿ, 'ಬರ್ತಾ ಇದ್ದೇನೆ' ಎಂದರು.

ನಮ್ಮ ತಲೆ ಮೇಲೆ ಒಂದು ಮೋಡವಿಲ್ಲ. ಆದರೆ ದೂರದ ಗುಡ್ಡದಲ್ಲಿ ಮಳೆಯಾಗಿತ್ತಂತೆ. ಯಾರೋ "ವಾದಿ! ವಾದಿ!" ಎಂದು ಅರಬ್ಬಿಯಲ್ಲಿ ಕೂಗಿದರು. ನಾವು ಎತ್ತರದ ಕಡೆ ಓಡಿ ನಿಲ್ಲುವುದಕ್ಕೂ ಕಂದು ನೀರು ಭೋರ್ಗರೆದು ಬರುವುದಕ್ಕೂ ಸರಿಹೋಯಿತು. ಒಂದು ಪ್ಲಾಸ್ಟಿಕ್ ಕುರ್ಚಿ ಬಂತು, ಟೈರು ಬಂತು, ನೀರಿನ ಟ್ಯಾಂಕಿನ ಮುಚ್ಚಳ ಬಂತು. ಕೊನೆಗೆ ಎಲ್ಲಿಯದೋ ಒಂದು ಜಾಲಿ, ಬೇರು ಮಣ್ಣು ಸಮೇತ, ನಿಂತ ನಿಲುವಿನಲ್ಲೇ ತೇಲಿಬಂದು, ನಮ್ಮ ಜಾಗದ ನಟ್ಟನಡುವೆ ಕೆಸರಿನಲ್ಲಿ ಕೂತುಕೊಂಡಿತು. ನೀರು ಇಳಿಯಿತು. ಅದು ಇಳಿಯಲಿಲ್ಲ.

ಮುದೀರ್ ಕಾರಿನಿಂದ ಇಳಿದವರು ಒಮ್ಮೆ ಫೋಟೋ ನೋಡಿದರು, ಒಮ್ಮೆ ಜಾಗ ನೋಡಿದರು.

"ಫೋಟೋದಲ್ಲಿ ಇದು ಇಲ್ಲ."

"ಈಗ ಬಂತು ಮುದೀರ್. ವಲ್ಲಾ, ದೇವರಾಣೆ, ಈಗ್ತಾನೇ ಬಂತು."

ನಮ್ಮ ಉಡುಪಿಯ ಅಣ್ಣ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಮೆಲ್ಲಗೆ ಹೇಳಿದರು: "ಅವರಿಗೆ ಹೇಳು ಮಾರಾಯ, ಇದು ನಮ್ಮ ಕಂಪನಿಯದ್ದಲ್ಲ, ಬೇರೆ ಕಂಪನಿಯ ಕೆಲಸ ಬಿಟ್ಟು ರಿಲೀಸ್ ಲೆಟರ್ ತಗೊಂಡು ಬಂದದ್ದು ಅಂತ."

ಬನ್ನಿ

ಇದನ್ನು ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಹೇಳದಿದ್ದರೆ ಹೊಟ್ಟೆಯುಬ್ಬರ.

ತೇಲಿಬಂದ ಆ ಜಾಲಿಯನ್ನೂ ಕಿತ್ತು ಜಾಗವನ್ನು ಮತ್ತೆ ಬೋಳು ಮಾಡಿದೆವು. ಆದರೆ ಯಜಮಾನರು ಮೊದಲೇ ಒಂದು ಮಾತು ಹೇಳಿ ಕಳಿಸಿದ್ದರು. ಜಾಗದಲ್ಲಿ ಗಾಫ್ ಮರ ಏನಾದರೂ ಇದ್ದರೆ ಅದನ್ನು ಮುಟ್ಟಕೂಡದು. ಗಾಫ್ ಎಂದರೆ ಇಲ್ಲಿಯವರಿಗೆ ಜೀವ. ಮರಳಿನಲ್ಲಿ ನೆರಳು ಕೊಡುವ ಮರ, ಕಡಿದರೆ ದಂಡ. ಎತ್ತರದ ಮೂಲೆಯಲ್ಲಿ ಒಂದು ಭಾರೀ ಮರ ಇತ್ತು. ದಪ್ಪ ಬೊಡ್ಡೆ, ಛತ್ರಿಯ ಹಾಗೆ ನೆರಳು. ನಾವು ಅದಕ್ಕೆ ಕೆಂಪು ಬಿಳಿ ಪಟ್ಟಿ ಸುತ್ತಿ, ಬುಡಕ್ಕೆ ಪಾತಿ ಮಾಡಿ, ದಿನಾ ನೀರು ಹಾಕಿದೆವು. ಪಟ್ಟಿ ಕಂಡ ಮುದೀರ್ ಆ ಮೂಲೆಗೆ ಹೋಗಿ ನೋಡಲೇ ಇಲ್ಲ.

ಸೀರೆ ಕಳಕೊಂಡು ಮತ್ತೆ ಪಡೆದ ಆ ವೈನಿಯ, ಅಂದರೆ ಅತ್ತಿಗೆಯ, ಮನೆಯಲ್ಲಿ ಈಗ ನನಗೆ ಚಹಾದ ಸಲಿಗೆ. ಗಂಡ ತೈಲ ಕಂಪನಿಯಲ್ಲಿ ಎಂಜಿನಿಯರು. ಒಂದು ದಿನ ಮಾತಿಗೆ ಮಾತು ಬಂದು ಗಾಫ್ ಮರದ ಸುದ್ದಿ ಹೇಳಿದೆ. ಅವರು ಮೊಬೈಲಿನಲ್ಲಿ ಏನೋ ಒತ್ತಿ ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು.

"ಏನಂದ್ರೀ? ಗಾಫ್ ಅಂದ್ರ ನಮ್ಮ ಬನ್ನೀರೀ! ಅದ ಮರ! ಇಷ್ಟ್ ವರ್ಷ ಇಲ್ಲೇ ಇದ್ದೂ ಗೊತ್ತಿರಲಿಲ್ಲಲ್ರೀ!"

ಬಯಲುಸೀಮೆಯವರಿಗೆ ಬನ್ನಿ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ದಸರೆಯ ಸಂಜೆ ಬನ್ನಿ ಎಲೆಯನ್ನು ಬಂಗಾರ ಎಂದು ಕೈಗೆ ಕೊಟ್ಟು ಕಾಲಿಗೆ ಬೀಳದಿದ್ದರೆ ಹಬ್ಬವೇ ಆಗುವುದಿಲ್ಲ. ಮಸ್ಕತ್ತಿನಲ್ಲಿ ಇಷ್ಟು ವರ್ಷ ಊರಿಂದ ಬರುವವರ ಬ್ಯಾಗಿನಲ್ಲಿ ಒಣಗಿ ಪುಡಿಯಾಗಿ ಬಂದದ್ದನ್ನೇ ಚಿಟಿಕೆ ಚಿಟಿಕೆ ಹಂಚಿಕೊಂಡವರು. ಎಂಜಿನಿಯರು ಅಲ್ಲೇ ನಮ್ಮ ಕಡೆಯವರ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದರು: ಹಸೀ ಬನ್ನಿ ಸಿಕ್ಕಿದೆ, ಎಲ್ಲರೂ ಬರ್ರಿ.

ನನ್ನ ಎದೆ ಧಸಕ್ಕೆಂದಿತು. ಯಜಮಾನರು ಜಾಗ ನೋಡಲು ಬರುವುದೂ ಅದೇ ದಸರೆಯ ದಿನ. "ಸಾಹೇಬ್ರ, ನನ್ನ ವೀಸಾ ಐತ್ರೀ ಅದರಾಗ. ಅವರು ಹೋದ ಮ್ಯಾಲ ಬರ್ರಿ. ಗಂಟಿ ಬ್ಯಾಡ, ಆರತಿ ಬ್ಯಾಡ. ಎಲಿ ಮುರಕೊಂಡು ಹೋಗಿಬಿಡ್ರಿ," ಎಂದು ಕೈಮುಗಿದೆ.

"ನಾಕ ಮಂದಿ ಬರ್ತೀವಿ, ನಾಕ ನಿಮಿಷ," ಎಂದರು.

ಯಜಮಾನರು ಮಧ್ಯಾಹ್ನ ಬರುವವರು ಬರಲಿಲ್ಲ. ನಮಾಜು ಮುಗಿಸಿ ಸಂಜೆ ಬರುತ್ತಾರೆ ಎಂದು ಸುದ್ದಿ ಬಂತು. ಆ ಸುದ್ದಿಯನ್ನು ಎಂಜಿನಿಯರಿಗೆ ಹೇಳೋಣ ಎಂದು ಫೋನು ತೆಗೆಯುವಷ್ಟರಲ್ಲಿ ಕಾರುಗಳು ಬಂದವು. ವಾದಿ ಕಬೀರ್‌ನಿಂದ, ವಾದಿ ಅದಾಯ್‌ನಿಂದ, ಎಲ್ಲೆಲ್ಲಿಂದಲೋ. ಬಾಗಿಲು ತೆರೆದದ್ದೇ ತಡ, ರೇಷ್ಮೆ ಸೀರೆ, ಜರಿ ಪಂಚೆ, ಮಲ್ಲಿಗೆ ದಂಡೆ. ಬೋಳು ನೆಲದ ಮೇಲೆ ಮದುವೆ ದಿಬ್ಬಣ ಇಳಿದ ಹಾಗಾಯಿತು.

ವೈನಿ ಮರದ ಕೆಳಗೆ ನಿಂತು ಕತ್ತೆತ್ತಿ ನೋಡಿದರು. "ಎಲಿ ಇಷ್ಟ ದೊಡ್ಡು ಅದಾವಲ್ರೀ. ನಮ್ಮ ಬನ್ನಿ ಎಲಿ ಸಣ್ಣು ಇರ್ತಾವ."

ಎಂಜಿನಿಯರು ನಕ್ಕರು. "ಇಲ್ಲೆ ಎಲ್ಲಾ ದೊಡ್ಡದ. ರಸ್ತೆ ದೊಡ್ಡು, ಕಾರ್ ದೊಡ್ಡು, ಬನ್ನೀನೂ ದೊಡ್ಡದು."

ಎಲ್ಲರಿಗೂ ಸಮಾಧಾನವಾಯಿತು. ನನಗೂ ಆಯಿತು. ಮುರಿದರು, ಕೊಟ್ಟರು, ತಬ್ಬಿಕೊಂಡರು. "ಬನ್ನಿ ತಗೊಂಡು ಬಂಗಾರದಾಂಗ ಇರೂಣು" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮರದ ಹಳದಿ ಕಾಯಿ ನೋಡಿ ಒಬ್ಬರು "ಎಲಿಗಿಂತ ಇದ ಬಂಗಾರದ ಬಣ್ಣ ಐತಲ್ರೀ" ಎಂದದ್ದೇ, ಕಾಯಿಗೂ ಮುಗಿಬಿದ್ದರು. ನಾಲ್ಕೈದು ಕಾರು ತುಂಬಿಕೊಂಡು ಹೊರಟೂ ಹೋದವು.

ಆಗ ಯಜಮಾನರ ಬಿಳಿ ಕಾರು ಬಂದು ನಿಂತಿತು. ಜೊತೆಗೆ ಮುದೀರ್.

ಮುದೀರ್ ಹಲ್ಲು ಕಚ್ಚಿ ಕೇಳಿದರು: "ಇವರೆಲ್ಲ ಯಾರು?"

"ನಮ್ಮೂರವರು."

"ಗಿಡದ ಹಾಗೇ ಬಂದಿದಾರಲ್ಲ!"

ಯಜಮಾನರು ವಯಸ್ಸಾದವರು, ಕೈಯಲ್ಲಿ ಸಣ್ಣ ಬೆತ್ತ. ಎಂಜಿನಿಯರು ಮುಂದೆ ಹೋಗಿ ಸಲಾಂ ಮಾಡಿ ಇಂಗ್ಲಿಷಿನಲ್ಲಿ ವಿವರಿಸಿದರು: ಈ ಮರವನ್ನು ನಮ್ಮ ಊರಲ್ಲಿ ತಲೆತಲಾಂತರದಿಂದ ಗೌರವಿಸುತ್ತೇವೆ, ಇದರ ಎಲೆ ನಮಗೆ ಬಂಗಾರ, ಇಂದು ಇದನ್ನು ಕೊಟ್ಟು ಹಿಂದಿನ ಜಗಳವನ್ನೆಲ್ಲ ಮರೆಯುತ್ತೇವೆ. ಯಜಮಾನರು ಎದೆಯ ಮೇಲೆ ಕೈಯಿಟ್ಟುಕೊಂಡರು. ಅವರ ಕಣ್ಣು ತೇವವಾಯಿತು. "ಮಾಶಾ ಅಲ್ಲಾಹ್. ಗಾಫ್ ನಿಮ್ಮಲ್ಲೂ ಇದೆಯೇ! ಎಲ್ಲಿ, ಎಲ್ಲಿದೆ ನನ್ನ ಗಾಫ್?"

ಎಲ್ಲರೂ ಮರದತ್ತ ಕೈ ತೋರಿಸಿದರು.

ಯಜಮಾನರು ನೋಡಿದರು. ಹತ್ತಿರ ಹೋಗಿ ಒಂದು ಟೊಂಗೆ ಬಗ್ಗಿಸಿ, ಎಲೆಯ ಬುಡದಲ್ಲಿದ್ದ ಜೋಡಿ ಮುಳ್ಳನ್ನು ಬೆತ್ತದ ತುದಿಯಿಂದ ಮುಟ್ಟಿದರು. ನಮ್ಮ ಕಡೆ ತಿರುಗಿದರು. ಬಹಳ ಮೆತ್ತಗೆ, ನೋವಾಗದ ಹಾಗೆ ಹೇಳಿದರು:

"ಇದು ಗಾಫ್ ಅಲ್ಲ. ನಾನು ಕೀಳಿಸೋಕೆ ಹೇಳಿದ್ದು ಇದನ್ನೇ. ಇಲ್ಲಿದ್ದವಕ್ಕೆಲ್ಲ ಇದೇ ಅಜ್ಜ."

ಸಿಡಿಲು ಹೊಡೆದ ಹಾಗಾಯಿತು. ನಮ್ಮ ಸೀಮೆಯಲ್ಲಿ ಬಳ್ಳಾರಿ ಜಾಲಿ ಸೊಂಟ ದಾಟುವಷ್ಟರಲ್ಲಿ ಒಲೆಗೆ ಹೋಗಿರುತ್ತದೆ. ಅದನ್ನು ಬಿಟ್ಟರೆ ಮರವಾಗುತ್ತದೆ, ಮರವಾದರೆ ಹೀಗೆ ರಾಜನ ಹಾಗೆ ಕಾಣುತ್ತದೆ ಎಂದು ನಾವ್ಯಾರೂ ಜನ್ಮದಲ್ಲಿ ನೋಡಿರಲಿಲ್ಲ. ಎಂಜಿನಿಯರು ಕೈಯಲ್ಲಿದ್ದ ಎಲೆಯನ್ನು ನೋಡಿದರು, ತಾವು ಕಾಲಿಗೆ ಬಿದ್ದಿದ್ದ ಹಿರಿಯರನ್ನು ನೋಡಿದರು. "ಅಂದ್ರ ನಾವೆಲ್ಲಾ ಇಷ್ಟೊತ್ತು ಬಳ್ಳಾರಿ ಜಾಲಿ ತಗೊಂಡು..." ಎಂದವರು ಎಲೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಯಜಮಾನರಿಗೆ ಆಗ ಇನ್ನೊಂದು ಹೊಳೆಯಿತು. "ಕಾಯಿಯನ್ನೂ ಕಿತ್ತಿರಾ? ಎಲ್ಲಿಗೆ ಹೋದವು?"

"ಮನೆಗಳಿಗೆ," ಎಂದರು ಎಂಜಿನಿಯರು ಸಣ್ಣ ದನಿಯಲ್ಲಿ.

"ಎಷ್ಟು ಮನೆಗೆ?"

ವೈನಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. ಹೆಮ್ಮೆಯಿಂದ ಹಿಂದಿಯಲ್ಲಿ ಹೇಳಿದರು: "ಮಸ್ಕತ್ತಿಗೆಲ್ಲ ಆಯ್ತು. ನಾಳೆ ಸೋಹಾರ್‌ಗೆ, ಸಲಾಲಾಕ್ಕೂ ಕಳಿಸ್ತೀವಿ. ತುಳಸಿ ಕುಂಡದಾಗ ಇಡಾಕ ಹೇಳೀವಿ."

ಯಜಮಾನರು ಬೆತ್ತ ಊರಿಕೊಂಡು ನಗಲು ಶುರುಮಾಡಿದರು. ನಕ್ಕೂ ನಕ್ಕೂ ಕೊನೆಗೆ ಕಾರಿನ ಬಾನೆಟ್ಟಿಗೆ ಒರಗಿಕೊಂಡರು. ಮುದೀರ್ ನಗಲಿಲ್ಲ. ನನ್ನನ್ನು ತೋಳು ಹಿಡಿದು ಪಕ್ಕಕ್ಕೆ ಎಳೆದುಕೊಂಡು ಹೋದರು. ಟಿಕೆಟ್ಟಿನ ಮಾತು ಬಂತು ಎಂದು ಕಣ್ಣು ಮುಚ್ಚಿಕೊಂಡೆ.

"ನಾಳೆ ಪಾಸ್‌ಪೋರ್ಟ್ ತಗೊಂಡು ಆಫೀಸಿಗೆ ಬಾ. ಎರಡು ವರ್ಷ ರಿನ್ಯೂ."

ನನಗೆ ನಂಬಿಕೆಯೇ ಆಗಲಿಲ್ಲ. "ಮುದೀರ್, ಒಂದು ಗಿಡ ಉಳಿದರೂ ಖಲಾಸ್ ಅಂದಿದ್ದಿರಿ..."

"ಅಂದಿದ್ದೆ. ಒಂದು ಜಾಗದ ಕೆಲಸ ಕೊಟ್ಟರೆ ಇಡೀ ಒಮಾನಿನ ಕೆಲಸ ಹುಟ್ಟಿಸಿ ಇಟ್ಟಿದೀಯ! ಈಗ ನಿನ್ನ ಕಳಿಸಿದರೆ ಯಾವ ಮನೆಯ ಯಾವ ಕುಂಡದಲ್ಲಿ ಇದೆ ಅಂತ ನಾನು ಯಾರನ್ನು ಕೇಳಲಿ? ಮನೆಮನೆಗೆ ಹೋಗು. ಕಾಲಿಗೆ ಬೀಳು. ಒಂದು ಬೀಜ ಬಿಡದೆ ವಾಪಸ್ ತಾ."

"ಎಲ್ಲರ ಹತ್ತಿರಾನೂ ತರಬೇಕಾ?"

"ಎಲ್ಲರ ಹತ್ತಿರಾನೂ! ಒಬ್ಬರನ್ನೂ ಬಿಡಬೇಡ!"

ನಾನು ಮೆಲ್ಲಗೆ ಅವರ ದಿಶ್ದಾಶಾದ, ಆ ಉದ್ದ ನಿಲುವಂಗಿಯ, ಜೇಬಿನ ಕಡೆ ಬೆರಳು ಮಾಡಿದೆ. ನಮ್ಮ ವೈನಿ ಯಾವ ಮಾಯದಲ್ಲಿ ಕೊಟ್ಟಿದ್ದರೋ, ಒಂದು ಹಸಿರು ಕುಡಿ, ಎರಡು ಹಳದಿ ಕಾಯಿ ಹೊರಗೆ ಇಣುಕುತ್ತಿದ್ದವು.

ಮುದೀರ್ ಥಟ್ಟನೆ ಅದರ ಮೇಲೆ ಕೈ ಮುಚ್ಚಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

"ಇದು ಲೆಕ್ಕಕ್ಕಿಲ್ಲ. ಆ ಸಿಸ್ಟರ್ ಇದು ಬಂಗಾರ ಅಂತ ಹೇಳಿ ಕೊಟ್ಟಿದ್ದಾರೆ."